ಮೂತ್ರಪಿಂಡದ ರೋಗವೂ ಮನೆಯ ತರಕಾರಿಯೂ

ಕಳೆದ ತಿಂಗಳು ಹಾಸನದ ಕಡೆಯ ಸೋದರಿಯೊಬ್ಬರು ನಮಗೊಂದು ದೀರ್ಘವಾದ ಪತ್ರವನ್ನು ಬರೆದಿರುವರು. ಅವರ ಮಾವನವರಿಗೆ ಈಗ ೬೮ ವರ್ಷ ವಯಸ್ಸು. ಬಹುಕಾಲದಿಂದ ಮಧುಮೇಹವಿದ್ದು, ಈಚೆಗೆ ಮೂತ್ರಪಿಂಡಗಳ ಶಕ್ತಿಯು ಕುಗ್ಗಿರುವುದಾಗಿ ವೈದ್ಯರು ತಿಳಿಸಿದರಂತೆ. ಸುದ್ದಿಯು ಹರಡಿದ ದಿನದಿಂದ ಮನೆಗೆ ಬಂದ ನಂಟರಿಷ್ಟರೆಲ್ಲರೂ ಒಂದೊಂದು ಕಟ್ಟಳೆಯನ್ನು ವಿಧಿಸಿ ಹೋಗುತ್ತಿರುವರು. ಒಬ್ಬರು ಸೊಪ್ಪು ಕೂಡದೆಂದರು. ಇನ್ನೊಬ್ಬರು ಬೀಜವುಳ್ಳ ಕಾಯಿ ಕೂಡದೆಂದರು. ಮತ್ತೊಬ್ಬರು ಬೇಳೆಯೇ ವಿಷವೆಂದರು. ನಾಲ್ಕನೆಯವರು ಮಾತ್ರ, ದಿನವೂ ಬೆಳಗ್ಗೆ ಸೊಪ್ಪಿನ ರಸವನ್ನೂ ಎಳನೀರನ್ನೂ ಕೊಟ್ಟರೆ ಮೂತ್ರಪಿಂಡವು ಬೆಳಗಿಟ್ಟ ತಾಮ್ರದ ಚೆಂಬಿನಂತಾಗುವುದೆಂದು ಅಭಯವನ್ನಿತ್ತರು. ಇವರೆಲ್ಲರ ನಡುವೆ ಸಿಕ್ಕಿದ ಆ ಸೋದರಿಯು ಈಗ ಮಾವನವರಿಗೆ ಅನ್ನ, ಮಜ್ಜಿಗೆ, ಉಪ್ಪಿನಕಾಯಿ, ಹಪ್ಪಳ ಇಷ್ಟನ್ನೇ ಬಡಿಸುತ್ತಿರುವರು. “ಅವರು ಎಲೆಯನ್ನು ನೋಡಿ ಏನೂ ಮಾತನಾಡದೆ ನಾಲ್ಕು ತುತ್ತು ತಿಂದು ಏಳುತ್ತಾರೆ. ತರಕಾರಿಯನ್ನು ಪೂರ್ತಿಯಾಗಿ ಬಿಡಿಸಬೇಕೆ? ಬೇಡವಾದರೆ ಯಾವುದನ್ನು ಹೇಗೆ ಮಾಡಿ ಬಡಿಸಲಿ?” ಎಂಬುದು ಅವರ ಪ್ರಶ್ನೆ.

ನಾವು ವೈದ್ಯರಲ್ಲ, ಮೂವತ್ತೈದು ವರ್ಷ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರು. ಆದರೆ ಈ ರೋಗವು ನಮ್ಮ ಬಂಧುವರ್ಗಕ್ಕೂ ಬಂದುದರಿಂದ ಬಲ್ಲ ವೈದ್ಯರನ್ನೂ ಆಹಾರಶಾಸ್ತ್ರ ತಿಳಿದವರನ್ನೂ ಬಹಳ ಸಲ ಕೇಳಿ, ಅವರು ತೋರಿಸಿದ ಬರಹಗಳನ್ನು ಓದಿ ಮನದಟ್ಟು ಮಾಡಿಕೊಂಡುದುಂಟು. ಆ ಬಲದಿಂದ ಮೊದಲೇ ಹೇಳಿಬಿಡುವೆವು: ತರಕಾರಿಯನ್ನು ಪೂರ್ತಿಯಾಗಿ ಬಿಡಿಸಬೇಕಾದುದಿಲ್ಲ. ಆ ಎಲೆಯಿಂದ ಮೊದಲು ತೆಗೆಯಬೇಕಾದುವು ಉಪ್ಪಿನಕಾಯಿಯೂ ಹಪ್ಪಳವೂ ಆಗಿವೆ.

ಪಥ್ಯವೆಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಸವೆದುಹೋಗಿದೆ. “ಅವರು ಪಥ್ಯದಲ್ಲಿದ್ದಾರೆ” ಎಂದರೆ ಏನನ್ನೋ ಬಿಟ್ಟಿದ್ದಾರೆ ಎಂದಷ್ಟೇ ಜನರು ತಿಳಿಯುವರು. ಮೂಲದಲ್ಲಿ ಹಾಗಿಲ್ಲ. ಪಥವೆಂದರೆ ದಾರಿ, ಆ ದಾರಿಯನ್ನು ಬಿಟ್ಟು ಹೋಗದಿರುವುದು ಪಥ್ಯವೆಂದು ಪಾಣಿನಿಯ ವ್ಯಾಕರಣವು ಈ ಶಬ್ದವನ್ನು ಸಾಧಿಸುತ್ತದೆ. ದಾರಿಯಲ್ಲಿ ನಡೆಯುವವನು ಕೆಲವು ಕಡೆ ಕಾಲಿಡಬಾರದು, ನಿಜ. ಆದರೆ ನಿಂತಲ್ಲೇ ನಿಂತುಬಿಟ್ಟರೆ ಊರು ಸೇರುವುದು ಹೇಗೆ? ಮೂತ್ರಪಿಂಡದ ರೋಗಿಯ ಬಗೆಗೆ ನಮ್ಮ ಗೃಹಸ್ಥರು ಮಾಡುತ್ತಿರುವುದು ಬಹುಮಟ್ಟಿಗೆ ಹೀಗೆ ನಿಲ್ಲಿಸುವ ಕೆಲಸವೇ.

ಇನ್ನೊಂದು ಮಾತಿನ ಗೊಂದಲವನ್ನೂ ಬಿಡಿಸಬೇಕು. “ಮೂತ್ರಪಿಂಡದ ತೊಂದರೆ” ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ರೋಗಗಳು ಸೇರಿಕೊಂಡಿವೆ. ಒಂದು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವುದು. ಮತ್ತೊಂದು, ರಕ್ತವನ್ನು ಸೋಸುವ ಶಕ್ತಿಯೇ ವರ್ಷವರ್ಷಕ್ಕೆ ಕುಗ್ಗುತ್ತ ಹೋಗುವುದು. ಕಲ್ಲಿನವನಿಗೆ ಚೆನ್ನಾಗಿ ನೀರು ಕುಡಿಯೆಂದು ಹೇಳುವರು. ಶಕ್ತಿಗುಂದಿದವನಿಗೆ, ರೋಗವು ಬಲಿತಾಗ, ನೀರನ್ನೂ ಅಳೆದು ಕೊಡುವರು. ಕಲ್ಲಿನವನ ನೆರೆಮನೆಯವರು ಬಾಳೆದಿಂಡಿನ ರಸವನ್ನೂ ಹುರುಳಿಯ ಕಟ್ಟನ್ನೂ ಹೇಳಿಕೊಡುವುದು ನಮ್ಮ ನಾಡಿನ ರೂಢಿ. ಅದೇ ಉಪದೇಶವು ಬಾಯಿಂದ ಬಾಯಿಗೆ ಹೋಗಿ ಶಕ್ತಿಗುಂದಿದವನ ಮನೆಯನ್ನು ಹೊಕ್ಕರೆ ಅಪಾಯಕ್ಕೆ ಕಾರಣವಾಗುವುದು. ಬೀಜವುಳ್ಳ ಕಾಯಿ ಕೂಡದೆಂಬ ಮಾತೂ ಕಲ್ಲಿನ ಭಯದಿಂದ ಹುಟ್ಟಿದ್ದು. ತಿಂದ ಬೀಜವು ಮೂತ್ರಪಿಂಡಕ್ಕೆ ಹೋಗಿ ಕಲ್ಲಾಗುವುದಿಲ್ಲ. ಸೋದರಿಯವರ ಮಾವನವರದು ಎರಡನೆಯ ಬಗೆಯ ರೋಗವಾದುದರಿಂದ ಅದನ್ನೇ ಮೊದಲು ವಿಚಾರಿಸುವೆವು.

ನಮ್ಮ ಬೆನ್ನಿನ ಇಕ್ಕೆಲಗಳಲ್ಲಿ, ಪಕ್ಕೆಲುಬುಗಳ ಕೊನೆಯ ಮಟ್ಟದಲ್ಲಿ, ಹಿಡಿಯಷ್ಟು ಗಾತ್ರದ ಎರಡು ಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮವಾದ ಸೋಸುವ ಅಂಗಗಳಿರುವುವು. ರಕ್ತದಲ್ಲಿ ಬೇಡವಾದುದನ್ನು ಹೊರಕ್ಕೆ ಕಳುಹಿಸಿ ಬೇಕಾದುದನ್ನು ಉಳಿಸಿಕೊಳ್ಳುವುದು ಇವುಗಳ ಕಾರ್ಯ. ತರಕಾರಿಯ ವಿಷಯದಲ್ಲಿ ನಾವು ಗಮನಿಸಬೇಕಾದ ವಸ್ತುವು ಪೊಟ್ಯಾಸಿಯಂ ಎಂಬ ಲವಣಾಂಶ. ಕಾಯಿ, ಗೆಡ್ಡೆ, ಸೊಪ್ಪು, ಹಣ್ಣು, ಕಾಳು ಎಲ್ಲದರಲ್ಲಿಯೂ ಇದು ಹೆಚ್ಚು ಕಡಿಮೆಯಾಗಿ ಇದೆ. ಆರೋಗ್ಯವಂತನಿಗೆ ಇದು ಅತ್ಯವಶ್ಯಕ. ಸ್ನಾಯುಗಳು ಬಿಗಿದು ಸಡಿಲುವುದೂ ಹೃದಯವು ತಾಳ ತಪ್ಪದೆ ಬಡಿಯುವುದೂ ಇದರ ಹದವನ್ನು ಅವಲಂಬಿಸಿದೆ. ನಾವು ತಿಂದುದರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲನ್ನು ಮೂತ್ರಪಿಂಡಗಳೇ ಹೊರಹಾಕುವುವು. ರಕ್ತದಲ್ಲಿ ಇದರ ಪ್ರಮಾಣವು ಲೀಟರಿಗೆ ೩.೫ರಿಂದ ೫ ಮಿಲಿಮೋಲ್ ಎಂಬ ಕಿರಿದಾದ ಎಲ್ಲೆಯೊಳಗೆ ನಿಲ್ಲಬೇಕು. ಮೂತ್ರಪಿಂಡವು ಸೋತು ಇದು ಆರು, ಏಳಕ್ಕೆ ಏರಿತೆಂದರೆ ಕಾಲುಗಳು ಕಸುವಳಿಯುವುವು. ಹೃದಯವು ನಿಂತುಹೋಗುವುದೂ ಉಂಟು. ಕೆಡುಕಿನ ಸಂಗತಿಯೇನೆಂದರೆ, ಅನೇಕ ವೇಳೆ ಇದು ಮುನ್ಸೂಚನೆಯನ್ನೇ ಕೊಡುವುದಿಲ್ಲ. ರಕ್ತಪರೀಕ್ಷೆಯಿಂದಲೇ ತಿಳಿಯಬೇಕು.

ನಮಗೆ ಪರಿಚಿತರಾದ ಗೃಹಸ್ಥರೊಬ್ಬರ ಸಂಗತಿಯನ್ನು ಇಲ್ಲಿ ಹೇಳಬೇಕು. ಮೂತ್ರಪಿಂಡಗಳ ಶಕ್ತಿಯು ಅರ್ಧಕ್ಕಿಂತಲೂ ಬಹಳ ಕಡಿಮೆಯಾಗಿದ್ದ ಅವರಿಗೆ ಯಾರೋ ಹಿತೈಷಿಗಳು ದಿನವೂ ಒಂದು ದೊಡ್ಡ ಲೋಟ ಹಸಿ ಸೊಪ್ಪಿನ ರಸವನ್ನು ಕುಡಿಯಲು ಹೇಳಿದರು. ಮನೆಯವರು ಶ್ರದ್ಧೆಯಿಂದ ರುಬ್ಬಿ ಸೋಸಿ ಕೊಟ್ಟರು. ಮೂರನೆಯ ವಾರದಲ್ಲಿ ಒಂದು ರಾತ್ರಿ ಅವರು ಮಂಚದಿಂದೇಳಲು ಹೋಗಿ ಏಳಲಾರದೆ ಹೋದರು. ಆಸ್ಪತ್ರೆಗೆ ಒಯ್ದಾಗ ರಕ್ತದ ಪೊಟ್ಯಾಸಿಯಂ ಏಳನ್ನು ದಾಟಿತ್ತು. ನಾಡಿಯು ನಿಧಾನವಾಗಿ ಬಡಿಯುತ್ತಿತ್ತು. ಆ ರಾತ್ರಿಯೇ ಡಯಾಲಿಸಿಸ್ ಮಾಡಿದುದರಿಂದ ಬದುಕಿಕೊಂಡರು. ಔಷಧವಲ್ಲದ್ದು, ಗಿಡದಲ್ಲಿ ಬೆಳೆದದ್ದು, ಏನು ಕೇಡು ಮಾಡೀತು ಎಂಬುದು ಆ ಮನೆಯವರ ನಂಬುಗೆಯಾಗಿತ್ತು. ಎಕ್ಕದ ಹಾಲೂ ಗಿಡದಲ್ಲಿಯೇ ಹುಟ್ಟುವುದಲ್ಲವೆ?

ಇದನ್ನು ಓದಿ ತರಕಾರಿಯ ಬುಟ್ಟಿಯನ್ನೇ ಬೀದಿಗೆಸೆಯಲು ಹೊರಡುವವರು ಇನ್ನೊಂದು ಪಕ್ಷವನ್ನೂ ಕೇಳಬೇಕು. ನಮ್ಮ ದೂರದ ಬಂಧುವಾದ ವೃದ್ಧೆಯೊಬ್ಬರಿಗೆ ರೋಗವು ಇನ್ನೂ ಮಧ್ಯದ ಘಟ್ಟದಲ್ಲಿದ್ದಾಗಲೇ, ರಕ್ತದ ಪೊಟ್ಯಾಸಿಯಂ ಸರಿಯಾಗಿದ್ದರೂ, ಮಕ್ಕಳು ಭಯದಿಂದ ಎಲ್ಲ ತರಕಾರಿಯನ್ನೂ ನಿಲ್ಲಿಸಿದರು. ಆರು ತಿಂಗಳಲ್ಲಿ ಅವರು ಕಡ್ಡಿಯಾದರು. ಮಲಬದ್ಧತೆಯು ಅಂಟಿಕೊಂಡಿತು. ಮೂತ್ರಪಿಂಡವು ಸೋತವರಲ್ಲಿ ದೊಡ್ಡ ಕರುಳು ಪೊಟ್ಯಾಸಿಯಮ್ಮಿನ ಒಂದು ಪಾಲನ್ನು ಹೊರಹಾಕಲು ನೆರವಾಗುತ್ತದೆ. ನಾರಿಲ್ಲದ ಊಟದಿಂದ ಮಲಬದ್ಧತೆಯಾದರೆ ಆ ನೆರವೂ ತಪ್ಪುವುದು. ಅಂದರೆ, ಯಾವುದಕ್ಕೆ ಹೆದರಿ ತರಕಾರಿಯನ್ನು ಬಿಡಿಸಿದರೋ ಅದನ್ನೇ ಬರಮಾಡಿಕೊಂಡಂತಾಯಿತು.

ತರಕಾರಿಯಿಂದ ಆಗುವ ಉಪಕಾರವು ನಾರಿಗೇ ಮುಗಿಯುವುದಿಲ್ಲ. ದಣಿದ ಮೂತ್ರಪಿಂಡವು ಶರೀರದಲ್ಲಿ ಹುಟ್ಟುವ ಆಮ್ಲವನ್ನು ಸರಿಯಾಗಿ ಕಳುಹಿಸಲಾರದು. ಮಾಂಸ, ಮೊಟ್ಟೆ ಮುಂತಾದುವು ಆಮ್ಲವನ್ನು ಹೆಚ್ಚಿಸಿದರೆ, ಹಣ್ಣು ತರಕಾರಿಗಳು ಅದನ್ನು ತಗ್ಗಿಸುವುವು. ಅಮೆರಿಕೆಯ ಟೆಕ್ಸಾಸಿನ ವೈದ್ಯರು, ರೋಗವು ನಾಲ್ಕನೆಯ ಘಟ್ಟದಲ್ಲಿದ್ದು ಪೊಟ್ಯಾಸಿಯಂ ಏರುವ ಭಯವು ಕಡಿಮೆಯಿದ್ದವರನ್ನು ಆರಿಸಿಕೊಂಡು, ಕೆಲವರಿಗೆ ಸೋಡಾ ಮಾತ್ರೆಗಳನ್ನೂ ಕೆಲವರಿಗೆ ಹಣ್ಣು ತರಕಾರಿಗಳನ್ನೂ ಒಂದು ವರ್ಷ ಕೊಟ್ಟು ನೋಡಿ, ೨೦೧೩ರಲ್ಲಿ ಫಲವನ್ನು ಪ್ರಕಟಿಸಿದರು. ಎರಡು ಗುಂಪಿನವರಲ್ಲಿಯೂ ರಕ್ತದ ಆಮ್ಲದೋಷವು ತಗ್ಗಿತು. ತರಕಾರಿಯ ಗುಂಪಿನವರಲ್ಲಿ ಪೊಟ್ಯಾಸಿಯಂ ಏರಲಿಲ್ಲ. ಮೂತ್ರಪಿಂಡದ ರೋಗಗಳಿಗೆ ವಿಧಿಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಯು ೨೦೨೪ರಲ್ಲಿ ಹೊರಡಿಸಿದ ಗ್ರಂಥದಲ್ಲಿಯೂ ಸಸ್ಯಮೂಲದ ಆಹಾರವು ಪ್ರಾಣಿಮೂಲದ ಆಹಾರಕ್ಕಿಂತ ಹೆಚ್ಚಾಗಿರಲಿ ಎಂದೇ ಹೇಳಿದೆ.

ಹಾಗಾದರೆ ಯಾರು ಎಷ್ಟು ಹಿಡಿತದಲ್ಲಿರಬೇಕು? ಸೋಸುವ ಶಕ್ತಿಯ ಅಳತೆಯಿಂದ ವೈದ್ಯರು ಈ ರೋಗವನ್ನು ಐದು ಘಟ್ಟಗಳಾಗಿ ವಿಭಾಗಿಸುವರು. ಆ ಅಳತೆಯು ೬೦ಕ್ಕಿಂತ ಇಳಿದರೆ ಮೂರನೆಯದು, ೧೫ಕ್ಕಿಂತ ಇಳಿದರೆ ಐದನೆಯದು. ಮೊದಲ ಘಟ್ಟಗಳಲ್ಲಿದ್ದು ಪೊಟ್ಯಾಸಿಯಂ ಸರಿಯಾಗಿರುವವರು ತರಕಾರಿಯನ್ನು ಕಡಿಮೆ ಮಾಡಬೇಕಾದ ಕಾರಣವೇ ಇಲ್ಲ. ಘಟ್ಟವು ಮೇಲೇರಿದಂತೆ, ಅಥವಾ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರಿದಂತೆ, ಹಿಡಿತವು ಬಿಗಿಯಾಗಬೇಕು. ಆಗ ದಿನವೊಂದಕ್ಕೆ ೨,೦೦೦ದಿಂದ ೩,೦೦೦ ಮಿಲಿಗ್ರಾಮಿನೊಳಗೆ ಇರಲಿ ಎಂದು ಸಾಮಾನ್ಯವಾಗಿ ಹೇಳುವರು. ರಕ್ತದೊತ್ತಡಕ್ಕೂ ಮೂತ್ರಪಿಂಡದ ರಕ್ಷಣೆಗೂ ಕೊಡುವ ಕೆಲವು ಒಳ್ಳೆಯ ಮಾತ್ರೆಗಳೂ ಪೊಟ್ಯಾಸಿಯಮ್ಮನ್ನು ಏರಿಸುವುದುಂಟು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಅದನ್ನು ಬರೆದುಕೊಟ್ಟವರನ್ನೇ ಕೇಳತಕ್ಕದ್ದು. ಆದುದರಿಂದ ಸೋದರಿಯವರು ಮೊದಲು ಮಾಡಬೇಕಾದ ಕೆಲಸವು ಅಡಿಗೆಯ ಮನೆಯದಲ್ಲ. ಮಾವನವರ ರಕ್ತಪರೀಕ್ಷೆಯ ಕಾಗದವನ್ನು ತೆಗೆದು ಪೊಟ್ಯಾಸಿಯಂ ಎಂಬ ಸಾಲಿನ ಮುಂದಿರುವ ಅಂಕಿಯನ್ನು ನೋಡಿ, ವೈದ್ಯರನ್ನು “ಇದಕ್ಕೆ ಹಿಡಿತ ಬೇಕೆ?” ಎಂದು ಒಂದು ಮಾತು ಕೇಳಲಿ. ನಂಟರ ಹತ್ತು ಮಾತುಗಳಿಗಿಂತ ಆ ಒಂದು ಅಂಕಿಯು ಮೇಲು.

ಹಿಡಿತವು ಬೇಕೆಂದೇ ಇಟ್ಟುಕೊಳ್ಳೋಣ. ಈಗ ಬುಟ್ಟಿಯನ್ನು ನೋಡೋಣ. ನಾವು ಕೊಡುವ ಅಂಕಿಗಳು ನೂರು ಗ್ರಾಂ ಹಸಿ ಪದಾರ್ಥಕ್ಕೆ ಸುಮಾರಾದುವು; ಮಣ್ಣು, ತಳಿ, ಋತುಗಳಿಂದ ಹೆಚ್ಚು ಕಡಿಮೆಯಾಗುವುವು. ಹೀರೇಕಾಯಿ, ಸೋರೆಕಾಯಿ, ಸೌತೇಕಾಯಿ, ಸೀಮೇಬದನೆ, ಈರುಳ್ಳಿ ಇವುಗಳಲ್ಲಿ ೧೨೫ರಿಂದ ೧೫೦ ಮಿಲಿಗ್ರಾಂ, ಎಲೆಕೋಸಿನಲ್ಲಿ ೧೭೦. ಇವು ರೋಗಿಯ ನಿತ್ಯದ ಗೆಳೆಯರು. ಬೀನ್ಸ್, ಬದನೇಕಾಯಿ, ಮೂಲಂಗಿ, ಟೊಮ್ಯಾಟೊ ಇವುಗಳಲ್ಲಿ ೨೦೦ರಿಂದ ೨೪೦. ಬೆಂಡೇಕಾಯಿ, ಹಾಗಲಕಾಯಿ, ಹೂಕೋಸು, ಕ್ಯಾರಟ್‌ಗಳಲ್ಲಿ ೩೦೦ರ ಆಸುಪಾಸು. ಇವನ್ನು ಅಳತೆಯಿಂದ ಸರದಿಯ ಮೇಲೆ ಕೊಡಬಹುದು. ಆಲೂಗಡ್ಡೆಯಲ್ಲಿ ೪೦೦ಕ್ಕೆ ಮೇಲೆ, ನುಗ್ಗೇಕಾಯಿಯಲ್ಲಿ ೪೫೦ಕ್ಕೆ ಮೇಲೆ, ಬಾಳೇಕಾಯಿಯಲ್ಲಿ ೫೦೦ಕ್ಕೆ ಹತ್ತಿರ, ಪಾಲಕ್ ಮತ್ತು ದಂಟಿನ ಸೊಪ್ಪುಗಳಲ್ಲಿ ೫೫೦ರಿಂದ ೬೦೦. ಗೆಣಸು, ಸುವರ್ಣಗೆಡ್ಡೆಗಳೂ ಈ ಪಂಕ್ತಿಯವೇ. ಸೊಪ್ಪಿನಲ್ಲಿ ಇನ್ನೊಂದು ಮೋಸವಿದೆ: ಒಂದು ಮೊರದ ತುಂಬ ಬಿಡಿಸಿದ ಸೊಪ್ಪು ಬೆಂದ ಮೇಲೆ ಒಂದು ಹಿಡಿಯಾಗುವುದು. ಬಡಿಸುವವರು ಆ ಹಿಡಿಯನ್ನು ನೋಡುವರೇ ಹೊರತು ಮೊರವನ್ನು ನೆನೆಯುವುದಿಲ್ಲ.

ಇನ್ನು ಪಾಕಕ್ರಮಕ್ಕೆ ಬರುವೆವು. ಈ ವಿಷಯದ ತಿರುಳೆಲ್ಲವೂ ಇಲ್ಲಿಯೇ ಇದೆ. ಪೊಟ್ಯಾಸಿಯಂ ನೀರಿನಲ್ಲಿ ಕರಗುವ ವಸ್ತು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳವಾದ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದುಬಿಟ್ಟರೆ ಅದರ ದೊಡ್ಡ ಪಾಲು ನೀರಿನೊಡನೆ ಹೊರಟುಹೋಗುವುದು. ರಾತ್ರಿಯೆಲ್ಲಾ ತಣ್ಣೀರಿನಲ್ಲಿ ನೆನೆಯಿಟ್ಟರೆ ಸಾಕೆಂದು ಬಹಳ ದಿನ ಹೇಳುತ್ತಿದ್ದರು. ೨೦೦೮ರಲ್ಲಿ ಅಮೆರಿಕೆಯ ಇಬ್ಬರು ಸಂಶೋಧಕರು ಆಲೂಗಡ್ಡೆಯನ್ನು ಪರೀಕ್ಷಿಸಿ ನೋಡಿದಾಗ, ಬರಿಯ ನೆನೆಹಾಕುವುದರಿಂದ ಹೇಳಿಕೊಳ್ಳುವಷ್ಟು ಪ್ರಯೋಜನವಾಗಲಿಲ್ಲ. ಚೌಕವಾಗಿ ಹೆಚ್ಚಿ ಬೇಯಿಸಿದಾಗ ಸುಮಾರು ಅರ್ಧವೂ, ತುರಿದು ಬೇಯಿಸಿದಾಗ ಸುಮಾರು ಮುಕ್ಕಾಲೂ ಹೊರಟುಹೋಯಿತು. ಬೆಂಕಿ, ನೀರು, ಸಣ್ಣ ಹೆಚ್ಚು, ಬಸಿಯುವುದು ಈ ನಾಲ್ಕೂ ಕೂಡಿದರೆ ಮಾತ್ರ ಕಾರ್ಯಸಿದ್ಧಿ. ಇಡಿಯ ಆಲೂಗಡ್ಡೆಯನ್ನು ಸಿಪ್ಪೆಸಹಿತ ಬೇಯಿಸಿ ಸುಲಿದರೆ ಸತ್ತ್ವವು ಒಳಗೇ ಉಳಿಯುವುದು. ಕುಕ್ಕರಿನಲ್ಲಿ ಸ್ವಲ್ಪ ನೀರಿಟ್ಟು ಬೇಯಿಸಿ, ಆ ನೀರನ್ನೂ ಹುಳಿಗೆ ಸೇರಿಸುವ ಇಂದಿನ ರೂಢಿಯು ಆರೋಗ್ಯವಂತರಿಗೆ ಒಳ್ಳೆಯದು, ಈ ರೋಗಿಗೆ ಅಲ್ಲ. ಹಬೆಯಲ್ಲಿ ಬೇಯಿಸುವುದೂ ಎಣ್ಣೆಯಲ್ಲಿ ಹುರಿಯುವುದೂ ಹಾಗೆಯೇ. ಹುರಿದಾಗಲಂತೂ ನೀರು ಇಂಗಿ ಲವಣಾಂಶವು ಒತ್ತಾಗುವುದು.

ಬಸಿಯುವ ವಿದ್ಯೆಯನ್ನು ಹಳೆಯ ಮೈಸೂರು ಸೀಮೆಯ ಗೃಹಿಣಿಗೆ ಯಾರೂ ಹೊಸದಾಗಿ ಕಲಿಸಬೇಕಾದುದಿಲ್ಲ. ಬಸ್ಸಾರಿನ ಮನೆಯಲ್ಲಿ ಅದು ನಿತ್ಯಕರ್ಮ. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ನೀರನ್ನು ಬಸಿದು, ಬಸಿದ ನೀರಿಗೆ ಮಸಾಲೆ ಅರೆದು ಹಾಕಿ ಸಾರು ಮಾಡುವರು. ಉಳಿದುದಕ್ಕೆ ಒಗ್ಗರಣೆ ಕೊಟ್ಟು ಕಾಯಿ ತುರಿದು ಪಲ್ಯ ಮಾಡುವರು. ರುಚಿಯೆಲ್ಲವೂ ಸಾರಿನಲ್ಲಿದೆ ಎಂದು ನಾವೆಲ್ಲರೂ ಬಟ್ಟಲನ್ನು ಮುಂದಕ್ಕೆ ಚಾಚುವೆವು. ಮೂತ್ರಪಿಂಡದ ರೋಗಿಯ ಮಟ್ಟಿಗೆ ಅಪಾಯವೂ ಆ ಸಾರಿನಲ್ಲಿಯೇ ಇದೆ. ಪಲ್ಯವು ಅವನದು, ಸಾರು ಮನೆಯ ಉಳಿದವರದು. ಒಂದೇ ಪಾತ್ರೆಯಿಂದ ಎರಡು ಪಂಕ್ತಿಗೆ ಬಡಿಸಬಹುದಾದ ಇಂಥ ಅನುಕೂಲವಾದ ಅಡಿಗೆಯು ಇನ್ನೊಂದಿಲ್ಲ. ದುಃಖದ ಸಂಗತಿಯೇನೆಂದರೆ, “ಅವರಿಗೆ ಹಲ್ಲಿಲ್ಲ, ಪಲ್ಯ ಅಗಿಯಲಾರರು” ಎಂದು ಎಷ್ಟೋ ಮನೆಗಳಲ್ಲಿ ರೋಗಿಗೆ ಪಲ್ಯವನ್ನು ಬಿಟ್ಟು ಸಾರನ್ನೇ ಎರಡು ಸಲ ಬಡಿಸುವರು. ಹಲ್ಲಿಲ್ಲದವರಿಗೆ ಬಸಿದ ಪಲ್ಯವನ್ನೇ ಮಸೆದು ಕೊಡಬೇಕು. ಒಬ್ಬಟ್ಟಿನ ದಿನದ ಕಟ್ಟಿನ ಸಾರಿಗೂ ಇದೇ ಮಾತು ಸಲ್ಲುತ್ತದೆ. ಬೇಳೆಯ ಕಟ್ಟಿನಲ್ಲಿ ಬೇಳೆಯ ಲವಣಾಂಶವು ಇಳಿದಿರುತ್ತದೆ.

ನಮ್ಮ ಸಂಸ್ಕೃತದ ಚಾಪಲ್ಯವನ್ನು ವಾಚಕರು ಒಮ್ಮೆ ಕ್ಷಮಿಸಬೇಕು. ಚರಕಸಂಹಿತೆಯ ಸೂತ್ರಸ್ಥಾನದ ೨೭ನೆಯ ಅಧ್ಯಾಯದಲ್ಲಿ ಶಾಕವರ್ಗದ ವಿಚಾರ ಬರುತ್ತದೆ. ಅಲ್ಲಿ ಸೊಪ್ಪನ್ನು ಬೇಯಿಸಿ, ರಸವನ್ನು ಹಿಂಡಿ ತೆಗೆದು, ಎಣ್ಣೆ ತುಪ್ಪಗಳ ಜಿಡ್ಡನ್ನು ಕೂಡಿಸಿ ತಿನ್ನುವುದು ಪ್ರಶಸ್ತವೆಂದು ಹೇಳಿದೆ. ಇದನ್ನು ಕಂಡು, ನಮ್ಮ ಪೂರ್ವಿಕರು ಪೊಟ್ಯಾಸಿಯಮ್ಮನ್ನೂ ಅರಿತಿದ್ದರೆಂದು ಸಭೆಗಳಲ್ಲಿ ಎದ್ದು ಹೇಳುವವರ ಗುಂಪಿಗೆ ನಾವು ಸೇರಿದವರಲ್ಲ. ಸೊಪ್ಪು ಜೀರ್ಣಕ್ಕೆ ಭಾರವೆಂಬ ದೃಷ್ಟಿಯಿಂದ ಚರಕನು ಆ ಮಾತನ್ನು ಹೇಳಿದನು. ಆದರೂ ಹಿಂಡಿದ ರಸವನ್ನು ಬಿಟ್ಟು ಸೊಪ್ಪನ್ನು ತಿನ್ನು ಎಂದ ಗ್ರಂಥದ ಹೆಸರನ್ನು ಹೇಳಿಕೊಂಡು, ಸೊಪ್ಪನ್ನು ಬಿಟ್ಟು ರಸವನ್ನು ಕುಡಿ ಎಂದು ಬೋಧಿಸುವವರನ್ನು ಕಂಡಾಗ ನಮಗೆ ನಗು ಬರುತ್ತದೆ.

ರಸದ ಮಾತು ಬಂದುದರಿಂದ ಎಳನೀರಿನ ಮಾತನ್ನೂ ಮುಗಿಸಿಬಿಡುವೆವು. ರೋಗಿಯನ್ನು ನೋಡಲು ಬರುವವರು ಕೈಯಲ್ಲಿ ಹಿಡಿದು ತರುವುದು ಇದನ್ನೇ. ನೂರು ಮಿಲಿಲೀಟರ್ ಎಳನೀರಿನಲ್ಲಿ ಸುಮಾರು ೨೫೦ ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಒಂದು ಲೋಟಕ್ಕೆ ೫೦೦ ಆಯಿತು. ನೀರಿನಲ್ಲಿ ಕರಗಿಯೇ ಇರುವುದರಿಂದ ಅದು ಬೇಗನೆ ರಕ್ತವನ್ನು ಸೇರುವುದು, ನಾರಿನ ಅಡ್ಡಿಯಿಲ್ಲ. ಪೊಟ್ಯಾಸಿಯಂ ಏರುವ ಭಯವಿದ್ದವರಿಗೆ ಎಳನೀರನ್ನೂ ತರಕಾರಿಯ ರಸಗಳನ್ನೂ ಕೊಡತಕ್ಕದ್ದಲ್ಲ. ತಂದವರಿಗೆ ಬೇಸರವಾದೀತೆಂದು ಸೋದರಿಯವರು ಅಂಜುವರಾದರೆ, ಕೆತ್ತಿ ತಂದವರಿಗೇ ಕುಡಿಯಲು ಕೊಡಲಿ.

ಉಪ್ಪಿನ ವಿಷಯ. ದಿನಕ್ಕೆ ಒಟ್ಟು ೫ ಗ್ರಾಂ, ಎಂದರೆ ಒಂದು ಸಣ್ಣ ಚಮಚಕ್ಕೆ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳು ಆ ಚಮಚವನ್ನು ಬೆಳಗಿನ ಊಟಕ್ಕೇ ಬರಿದು ಮಾಡುವುವು. ತರಕಾರಿಯನ್ನು ಬಿಡಿಸಿ ಬಾಯಿ ಸಪ್ಪೆಯೆಂದು ಇವನ್ನು ಕೊಡುವುದಕ್ಕಿಂತ ವಿಪರೀತವಾದ ಪಥ್ಯವನ್ನು ನಾವು ಕಾಣೆವು. ಬಾಯಿಗೆ ರುಚಿ ಬೇಕಾದರೆ ನಿಂಬೆರಸ, ಜೀರಿಗೆ, ಮೆಣಸು, ಬೆಳ್ಳುಳ್ಳಿ, ಇಂಗಿನ ಒಗ್ಗರಣೆಗಳಿವೆ. ಕಾಯಿತುರಿಯನ್ನು ಚಿಟಿಕೆಯಷ್ಟು ಉದುರಿಸಬಹುದು. ಸೊಪ್ಪಿನ ಹಸುರು ಕೆಡದಿರಲೆಂದು ಅಡಿಗೆಯ ಸೋಡಾ ಹಾಕುವ ಪದ್ಧತಿಯಿದ್ದರೆ ನಿಲ್ಲಿಸಬೇಕು. ಉಪ್ಪಿನಲ್ಲಿರುವ ಸೋಡಿಯಮ್ಮೇ ಅದರಲ್ಲಿಯೂ ಇರುವುದು. ಅಂಗಡಿಗಳಲ್ಲಿ “ಕಡಿಮೆ ಸೋಡಿಯಮ್ಮಿನ ಉಪ್ಪು” ಎಂಬುದೊಂದು ಪೊಟ್ಟಣವು ಬರುತ್ತದೆ. ಹೆಸರನ್ನು ನೋಡಿ ರೋಗಿಗೆ ಇದೇ ಯೋಗ್ಯವೆಂದು ಭಾವಿಸಿ ಕೊಳ್ಳುವವರುಂಟು. ಸಾಮಾನ್ಯವಾಗಿ ಅದರಲ್ಲಿ ಸೋಡಿಯಮ್ಮಿನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿರುವರು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೫ರ ಜನವರಿಯಲ್ಲಿ ಇಂಥ ಉಪ್ಪನ್ನು ಸಾಮಾನ್ಯ ಜನರಿಗೆ ಸೂಚಿಸಿದಾಗಲೂ ಮೂತ್ರಪಿಂಡದ ದೋಷವಿರುವವರನ್ನು ಆ ಸೂಚನೆಯಿಂದ ಹೊರಗಿಟ್ಟಿತು. ಪೊಟ್ಟಣದ ಮೇಲಿನ ಸಣ್ಣಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿರಿ.

ಕಲ್ಲಿನ ರೋಗದವರಿಗೆ ಲೆಕ್ಕವು ಬೇರೆ. ಸಾಮಾನ್ಯವಾಗಿ ಕಾಣುವ ಕಲ್ಲು ಕ್ಯಾಲ್ಸಿಯಂ ಆಕ್ಸಲೇಟಿನದು. ಅಂಥವರು ಆಕ್ಸಲೇಟ್ ಹೆಚ್ಚಾಗಿರುವ ಪಾಲಕ್, ದಂಟು, ಬೀಟ್‌ರೂಟುಗಳನ್ನು ಮಿತಿಯಲ್ಲಿಡಬೇಕು. ಇಲ್ಲಿಯೂ ಬೇಯಿಸಿ ಬಸಿಯುವುದರಿಂದ ಒಂದು ಪಾಲು ಹೊರಟುಹೋಗುವುದು. ಹಾಲು ಮೊಸರನ್ನು ಕ್ಯಾಲ್ಸಿಯಮ್ಮೆಂದು ಹೆದರಿ ಬಿಡಬೇಕಾದುದಿಲ್ಲ. ಊಟದೊಡನೆ ಸೇರಿದ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದು ಹೊರಕ್ಕೆ ಒಯ್ಯುತ್ತದೆ.

ಎರಡು ಬಗೆಯ ರೋಗಿಗಳೂ ದೂರವಿಡಬೇಕಾದ ಎರಡು ಹುಳಿಗಾಯಿಗಳು ಕರಾವಳಿಯ ಹಿತ್ತಿಲುಗಳಲ್ಲಿ ಧಾರಾಳವಾಗಿವೆ. ಬಿಂಬುಳಿಯನ್ನು ಉಪ್ಪಿನಕಾಯಿಗೂ ಸಾರಿಗೂ ಹಾಕುವರು. ಕೇರಳದಲ್ಲಿ ಕೆಲವರು ರಕ್ತದ ಕೊಬ್ಬು ಇಳಿಯುವುದೆಂದು ಅದರ ರಸವನ್ನು ಹಿಂಡಿ ಕುಡಿದರು. ಹೀಗೆ ಕುಡಿದ ಹತ್ತು ಮಂದಿಯ ಮೂತ್ರಪಿಂಡಗಳು ಆಕ್ಸಲೇಟಿನಿಂದ ಹಠಾತ್ತಾಗಿ ಕೆಟ್ಟುದನ್ನು ಅಲ್ಲಿಯ ವೈದ್ಯರು ೨೦೧೩ರಲ್ಲಿ ವರದಿಮಾಡಿದರು. ಅವರ ಮೂತ್ರಪಿಂಡಗಳು ಅದಕ್ಕೆ ಮುಂಚೆ ಚೆನ್ನಾಗಿಯೇ ಇದ್ದವೆಂಬುದನ್ನು ಗಮನಿಸಬೇಕು. ಅದರ ದಾಯಾದಿಯಾದ ದಾರೆಹುಳಿಯು, ಎಂದರೆ ಅಡ್ಡ ಕುಯ್ದರೆ ನಕ್ಷತ್ರದಂತೆ ಕಾಣುವ ಕಮರಾಕ್ಷಿಯು, ಇನ್ನೂ ಭಯಂಕರ. ಅದರಲ್ಲಿ ನರಗಳಿಗೆ ವಿಷವಾದ ವಸ್ತುವೊಂದು ಇದೆ. ಬ್ರೆಜಿಲ್ ದೇಶದ ಸಂಶೋಧಕರು ಅದನ್ನು ೨೦೧೩ರಲ್ಲಿ ಗುರುತಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ಆರೋಗ್ಯವಂತನ ಮೂತ್ರಪಿಂಡವು ಅದನ್ನು ಹೊರಹಾಕುವುದು. ಶಕ್ತಿಗುಂದಿದವನಲ್ಲಿ ಅದು ನಿಂತು, ಬಿಡದ ಬಿಕ್ಕಳಿಕೆ, ಬುದ್ಧಿಭ್ರಮೆ, ಸೆಳೆತಗಳನ್ನು ತಂದು ಪ್ರಾಣವನ್ನೂ ತೆಗೆದುದುಂಟು. ಇದರಲ್ಲಿ ಮಿತಿಯ ಮಾತಿಲ್ಲ. ಮೂತ್ರಪಿಂಡದ ಶಕ್ತಿ ಕುಗ್ಗಿದವರಿಗೆ ಒಂದು ಹೋಳೂ ಕೂಡದು.

ಬೇಳೆಯು ವಿಷವೆಂದ ನಂಟರಿಗೆ ಒಂದು ಮಾತು. ಡಯಾಲಿಸಿಸಿಗೆ ಹೋಗದ ರೋಗಿಗೆ ಮೂರನೆಯ ಘಟ್ಟದಿಂದ ಮುಂದೆ ದೇಹದ ತೂಕದ ಒಂದು ಕಿಲೋಗ್ರಾಮಿಗೆ ದಿನಕ್ಕೆ ೦.೮ ಗ್ರಾಂ ಪ್ರೋಟೀನ್ ಎಂದು ಮೇಲೆ ಹೇಳಿದ ೨೦೨೪ರ ಗ್ರಂಥದ ವಿಧಿ. ೬೦ ಕಿಲೋಗ್ರಾಂ ತೂಗುವವನಿಗೆ ಅದು ೪೮ ಗ್ರಾಂ ಆಯಿತು. ಅನ್ನ, ಮಜ್ಜಿಗೆಗಳ ಮೇಲೆ ಬೇಳೆಯೂ ಸ್ವಲ್ಪ ಇರದಿದ್ದರೆ ಸಸ್ಯಾಹಾರಿಯಾದ ವೃದ್ಧನು ಅಷ್ಟನ್ನು ಪಡೆಯುವುದೆಲ್ಲಿಂದ? ಡಯಾಲಿಸಿಸ್ ಆರಂಭವಾದವರಿಗೆ ಪ್ರೋಟೀನ್ ಇನ್ನೂ ಹೆಚ್ಚು ಬೇಕು. ಮೊದಲು ಕಡಿಮೆ ತಿನ್ನೆಂದ ವೈದ್ಯರೇ ಈಗ ಹೆಚ್ಚು ತಿನ್ನೆನ್ನುವರೆಂದು ಮನೆಯವರು ತಬ್ಬಿಬ್ಬಾಗಬಾರದು. ಬೇಳೆಯಲ್ಲಿರುವ ರಂಜಕಾಂಶವು ಪೂರ್ತಿಯಾಗಿ ಮೈಗೆ ಸೇರುವುದಿಲ್ಲ. ಡಬ್ಬಿ, ಪೊಟ್ಟಣ, ಕೋಲಾ ಪಾನೀಯಗಳಲ್ಲಿ ಬೆರೆಸುವ ರಂಜಕವು ಬಹುಪಾಲು ಸೇರಿಬಿಡುವುದು. ವಿಷವೆಂಬ ಮಾತನ್ನು ಆಡಲೇಬೇಕಾದರೆ ಅವುಗಳನ್ನು ಕುರಿತು ಆಡಬಹುದು.

ಸೋದರಿಯವರು ಯಾವುದನ್ನು ಹೇಗೆ ಮಾಡಿ ಬಡಿಸಲಿ ಎಂದು ಕೇಳಿರುವರಾದುದರಿಂದ, ವೈದ್ಯರು ಹಿಡಿತ ಬೇಕೆಂದರೆ ಒಂದು ದಿನದ ಊಟವನ್ನು ಹೀಗೆ ಯೋಚಿಸಬಹುದು. ಬೆಳಗ್ಗೆ ಅಕ್ಕಿರೊಟ್ಟಿಗೆ ಸೊಪ್ಪಿನ ಬದಲು ಈರುಳ್ಳಿ, ತುರಿದ ಸೌತೇಕಾಯಿ. ಮಧ್ಯಾಹ್ನ ಮಿತವಾದ ಅನ್ನದೊಡನೆ ಹೀರೇಕಾಯಿಯ ಪಲ್ಯ. ಬಸಿದ ತೊಗರಿಬೇಳೆಗೆ ಸೋರೇಕಾಯಿ ಹಾಕಿದ ಗಟ್ಟಿ ಹುಳಿ, ಹುಣಿಸೆಯು ಎಳ್ಳಿನಷ್ಟು, ನಿಂಬೆಹಣ್ಣು ಮೇಲೆ. ಒಂದು ಬಟ್ಟಲು ಮಜ್ಜಿಗೆ, ಉಪ್ಪಿಲ್ಲದೆ. ರಾತ್ರಿ ಚಪಾತಿಗೆ ಎಲೆಕೋಸನ್ನು ಬೇಯಿಸಿ ಬಸಿದು ಮಾಡಿದ ಪಲ್ಯ. ವಾರಕ್ಕೊಂದು ದಿನ, ಪರೀಕ್ಷೆಯ ಅಂಕಿಯು ಸರಿಯಾಗಿದ್ದರೆ, ಬಸ್ಸಾರಿನ ಸೊಪ್ಪಿನ ಪಲ್ಯವು ಎರಡು ಚಮಚ. ಆಲೂಗಡ್ಡೆಯ ಮೇಲೆ ಆಸೆಯಾದ ದಿನ ತುರಿದು ಬೇಯಿಸಿ ಬಸಿದು, ಬೇರೆ ತರಕಾರಿಯ ಬದಲಾಗಿ, ಒಂದು ಹಿಡಿ. ಮಧುಮೇಹಕ್ಕೂ ಈ ಕ್ರಮವು ವಿರೋಧವಲ್ಲ. ಮುಂದಿನ ರಕ್ತಪರೀಕ್ಷೆಯ ದಿನ ಪೊಟ್ಯಾಸಿಯಮ್ಮಿನ ಅಂಕಿಯನ್ನು ಅಡಿಗೆಯ ಮನೆಯ ಪಂಚಾಂಗದಲ್ಲಿ ಬರೆದಿಡಲಿ. ಅಂಕಿಯು ಇಳಿದಿದ್ದರೆ ಬುಟ್ಟಿಯನ್ನು ಹಿಗ್ಗಿಸಲು ವೈದ್ಯರನ್ನು ಕೇಳಬಹುದು, ಏರಿದ್ದರೆ ಏನು ಮೀರಿತೆಂಬುದನ್ನು ನೆನೆಯಬಹುದು.

ಇನ್ನೊಂದು. ಮಾವನವರ ಎಲೆಗೆ ಬೇರೆ, ಮನೆಯವರ ಎಲೆಗೆ ಬೇರೆ ಎಂದು ಎರಡು ಅಡಿಗೆ ಮಾಡಿ ಸೋದರಿಯು ಬಳಲಬೇಕಾದುದಿಲ್ಲ. ಕಡಿಮೆ ಉಪ್ಪಿನ ಅಡಿಗೆಯು ಮನೆಯವರೆಲ್ಲರಿಗೂ ಆಗುವುದು. ಬೇಕಾದವರು ತಮ್ಮ ಎಲೆಯ ಮೇಲೆ ಉಪ್ಪು ಹಾಕಿಸಿಕೊಳ್ಳಲಿ. ಬಸಿದ ನೀರು ಇತರರ ಸಾರಾಗುವುದು. ಮಾವನವರು ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು, ಎಲ್ಲರೂ ತಿನ್ನುವ ಪಲ್ಯವನ್ನೇ ತಿನ್ನುವರಾದರೆ ನಾಲ್ಕು ತುತ್ತಿಗೆ ಏಳಲಾರರೆಂದು ನಮಗೆ ತೋರುತ್ತದೆ. ಹಣ್ಣುಗಳ ವಿಷಯವನ್ನು ಅವರು ಕೇಳಿಲ್ಲ. ಆದರೆ ಬಾಳೆಹಣ್ಣು, ಸೇಬು, ಪರಂಗಿಗಳನ್ನು ಕುರಿತು ಬೇರೆ ಮೂವರು ವಾಚಕರ ಪತ್ರಗಳು ನಮ್ಮ ಮೇಜಿನ ಮೇಲಿವೆ. ಅವಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುವೆವು.